ಬಿಷಪ್ಪನ ಬಾವಿಗೆ ಒಂಬತ್ತನೆಯ ನಡಿಗೆ

ಎರ್ಡಿಂಗ್ಟನ್

ಮಗಳು ಸುಮಾ ಮನೆ ಮುಂದೆ ಹೆಪ್ಪುಗಟ್ಟಿದ ನೀರಿನ ಮೇಲೆ ಜಾರಿ ಎಡಗಾಲು ಮುರಿದುಕೊಂಡಳು. ನಾನು ಇಂಗ್ಲೆಂಡ್ ನೋಡಿದ್ದು ಆ ಕಾರಣಕ್ಕೆ. ನೋಡಬೇಕೆಂಬ ಆಸೆ ನನಗೆ ಎಂದೂ ಇರಲಿಲ್ಲ. ಬಾಗಲಕೋಟೆ ಕಡೆಯ ನಮ್ಮೂರಿನಲ್ಲಿ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಓದಲು ಬರೆಯಲು ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ಅಳಿಯ ಗಿರೀಶ ಟಿಕೆಟ್ ಕಳಿಸಿದ, ಹೊರಟು ಬಂದೆ.

ಬರ್ಮಿಂಗ್‌ಹ್ಯಾಮಿನ ಅಂಚಿನ ಎರ್ಡಿಂಗ್ಟನ್‌ನಲ್ಲಿ ಅವರ ಮನೆ. ಎರಡು ಮನೆಗೆ ಒಂದೇ ಗೋಡೆ. ಬಂದ ಎರಡನೇ ದಿನ ಜೋಳದ ರೊಟ್ಟಿ ಬಡಿಯುತ್ತಿದ್ದಾಗ ಪಕ್ಕದ ಮನೆಯ ಮುದುಕ ಬಾಗಿಲಿಗೆ ಬಂದು, ಗೋಡೆಗೆ ಮೊಳೆ ಹೊಡೆಯುತ್ತಿದ್ದೀರಾ, ಇನ್ನೂ ಎಷ್ಟು ಹೊತ್ತಾಗುತ್ತದೆ ಎಂದು ವಿಚಾರಿಸಿದ. ಬೈಯಲು ಬಂದವನು ಮೂರು ಸಲ ‘ಸಾರಿ’ ಎಂದು ಹೋದ. ಇಲ್ಲಿಯವರು ಹೀಗೇ. ನೀವು ಅವರ ಕಾಲು ತುಳಿದರೂ ಅವರೇ ಸಾರಿ ಅನ್ನುತ್ತಾರೆ. ನಮ್ಮ ಕಡೆ ಕಾಲು ತುಳಿದರೆ ಮೂರು ತಲೆಮಾರಿನ ಸುದ್ದಿ ತೆಗೆಯುತ್ತಾರೆ. ಯಾವುದು ಒಳ್ಳೆಯದು ಅಂತ ನಾನು ಹೇಳುವುದಿಲ್ಲ.

ಈಗ ಹರಕೆಯ ಮಾತು. ಮದುವೆಗೆ ಮುಂಚೆ ಸುಮಾಳಿಗೆ ಕಾಮಾಲೆಯಾಗಿ, ಸೊಲ್ಲಾಪುರದ ಆಸ್ಪತ್ರೆಯಲ್ಲಿ ಡಾಕ್ಟರು ಕೈಚೆಲ್ಲಿದಾಗ, ‘ಶ್ರೀಶೈಲದ ಮಲ್ಲಯ್ಯಾ, ಈಕೆ ಎದ್ದು ಕೂತರೆ ಒಂಬತ್ತು ವರ್ಷ ಬಿಡದೆ ನಿನ್ನಲ್ಲಿಗೆ ನಡೆದು ಬರುತ್ತೇನೆ’ ಎಂದು ಬೇಡಿಕೊಂಡಿದ್ದೆ. ‘ಬಿಡದೆ’ ಎಂಬ ಮಾತನ್ನು ನಾನೇ ಸೇರಿಸಿದ್ದು, ಯಾರೂ ಕೇಳಿರಲಿಲ್ಲ. ಸುಮಾ ಎದ್ದು ಕೂತಳು. ದೇವರು ತನ್ನ ಮಾತು ನಡೆಸಿದ. ನಾನು ಪ್ರತಿ ವರ್ಷ ಯುಗಾದಿಗೆ ಮುಂಚೆ ಊರಿನ ಕಂಬಿಯ ಹಿಂದೆ ಹೊರಟೆ. ಕಂಬಿ ಎಂದರೆ ಮಲ್ಲಯ್ಯನ ಹೆಸರಿನಲ್ಲಿ ಸಿಂಗರಿಸಿ ಹೆಗಲ ಮೇಲೆ ಹೊರುವ ಬಿದಿರಿನ ಕೋಲು. ಅದನ್ನು ಹೊರುವ ಅಯ್ಯನವರು ಮುಂದೆ, ಅರ್ಧ ಊರು ಹಿಂದೆ. ಎಂಟು ವರ್ಷ ನಡೆದೆ. ಒಂಬತ್ತನೆಯ ವರ್ಷ ನೋಡಿದರೆ ನಾನು ಎರ್ಡಿಂಗ್ಟನ್‌ನಲ್ಲಿ ಮಗಳ ಕಾಲಿನ ಪ್ಲಾಸ್ಟರು ನೆನೆಯದ ಹಾಗೆ ಅವಳಿಗೆ ಸ್ನಾನ ಮಾಡಿಸುತ್ತ ಕೂತಿದ್ದೆ.

ಅಯ್ಯನವರಿಗೆ ಫೋನು ಮಾಡಿದೆ.

“ಬಿಟ್ರ ಮತ್ತ ಒಂದರಿಂದ ಎಣಸಬೇಕಾಗ್ತೈತಿ, ಶಾಂತವ್ವ,” ಎಂದರು ಅವರು. “ನಿನಗ ಗೊತ್ತಿಲ್ಲೇನು?”

“ಗೊತ್ತೈತ್ರಿ. ಇಲ್ಲೇ ಎಲ್ಲೆರ ನಡದ್ರ?”

“ನಡಕೋತ ತಿರಗಿದ ಶರಣರು ಅಲ್ಲಿ ಯಾರರ ಇದ್ರ ಅವರ ಜಾಗಾಕ್ಕ ಹೋಗು. ನೆಲಾ ಯಾವುದಾದ್ರೇನು, ಮಲ್ಲಯ್ಯ ನೋಡ್ತಾನ. ಆದ್ರ ಕಟ್ಟಳಿ ಅಂದ್ರ ಕಟ್ಟಳಿ. ಗಾಡಿ ಹತ್ತಬ್ಯಾಡ. ಬುತ್ತಿ ಒಯ್ಯಬ್ಯಾಡ. ದಾರ‍್ಯಾಗ ಬಾಯಿಬಿಟ್ಟು ಯಾರಿಗೂ ಏನೂ ಕೇಳಬ್ಯಾಡ. ಕಡೀಕ ನೀರು ಮುಟ್ಟಬೇಕು.”

ಬುತ್ತಿ ಒಯ್ಯಬಾರದೆಂಬ ಕಟ್ಟಳೆ ನಮ್ಮಲ್ಲಿ ಕಷ್ಟದ್ದೇನಲ್ಲ. ದಾರಿಯುದ್ದಕ್ಕೂ ಹಳ್ಳಿಯವರು ನಮಗಾಗಿ ಕಾದಿರುತ್ತಾರೆ. ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆ, ಕಾಲಿಗೆ ಬಿಸಿನೀರು, ಎಣ್ಣೆ. ಹೊಟ್ಟೆ ತುಂಬಿದೆ ಎಂದರೆ ಸಿಟ್ಟಾಗುತ್ತಾರೆ. ಎಂಟು ವರ್ಷದಲ್ಲಿ ನಾನು ನಡೆದು ಸೊರಗಿದ್ದಿಲ್ಲ, ಉಂಡು ಮೈ ಬಂದದ್ದಿದೆ.

ಬರ್ಮಿಂಗ್‌ಹ್ಯಾಮ್

ಸುಮಾಳ ಮನೆಯಿಂದ ನಾಲ್ಕನೇ ಮನೆ ಶಬಾನಾಳದು. ಕಲಬುರಗಿಯವಳು, ಮಕ್ಕಳ ಡಾಕ್ಟರು, ನಲವತ್ತು ದಾಟಿದವಳು. ರಜೆಯ ದಿನ ಕೈಯಲ್ಲೊಂದು ಕೋಲು ಹಿಡಿದು ಇಲ್ಲಿನ ಬಿಳಿಯರ ಜೊತೆ ಗುಡ್ಡ ಸುತ್ತುತ್ತಾಳೆ. ಹೊಲಕ್ಕೂ ಅಲ್ಲ, ಸಂತೆಗೂ ಅಲ್ಲ, ಸುಮ್ಮನೆ ನಡೆಯುವುದು. ಮೊದಲು ಕೇಳಿದಾಗ ಇದೇನು ಹುಚ್ಚು ಅಂದುಕೊಂಡಿದ್ದೆ. ಈಗ ಅವಳೇ ಉಪಯೋಗಕ್ಕೆ ಬಂದಳು.

“ನಡಕೋತ ಇದ್ದ ಸಂತ ಬೇಕಾ ನಿಮಗ? ಒಬ್ಬವ ಇದ್ದಾನ ನೋಡ್ರಿ ಅಮ್ಮಾ,” ಎಂದು ನನ್ನನ್ನು ಪೇಟೆಯ ನಡುವಿನ ಒಂದು ಕೆಂಪು ಇಟ್ಟಿಗೆಯ ದೊಡ್ಡ ಚರ್ಚಿಗೆ ಕರೆದುಕೊಂಡು ಹೋದಳು.

ಬಾಗಿಲಲ್ಲಿ ನಾನು ಚಪ್ಪಲಿ ಬಿಟ್ಟೆ. ಒಳಗಿನ ನೆಲ ಹಿಮದಷ್ಟು ತಣ್ಣಗಿತ್ತು. ಅಲ್ಲಿದ್ದ ಒಬ್ಬ ಹೆಂಗಸು ಓಡಿಬಂದು, ಚಪ್ಪಲಿ ಹಾಕಿಕೊಳ್ಳಿ, ಶೀತವಾಗುತ್ತದೆ ಎಂದು ಕೈಮಾಡಿದಳು. ದೇವರ ಮನೆಯಲ್ಲಿ ಚಪ್ಪಲಿ ಹಾಕಿಕೊಳ್ಳಿ ಅನ್ನಿಸಿಕೊಂಡದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಹಾಕಿಕೊಳ್ಳಲಿಲ್ಲ. ಮುಂದೆ ಪೂಜೆಯ ಜಾಗದ ಮೇಲೆ, ಎತ್ತರದಲ್ಲಿ, ಒಂದು ಪೆಟ್ಟಿಗೆ. ಅದರೊಳಗೆ ಸಾವಿರದ ಮುನ್ನೂರು ವರ್ಷದ ಹಿಂದಿನ ಒಬ್ಬ ಬಿಷಪ್ಪನ ಮೂಳೆಗಳಿವೆಯಂತೆ. ಚಾಡ್ ಎಂದು ಹೆಸರು. ಬಿಷಪ್ಪು ಎಂದರೆ ನಮ್ಮ ಪಟ್ಟದ ಸ್ವಾಮಿಗಳಿದ್ದ ಹಾಗೆ, ಸುತ್ತಲ ನಾಡಿನ ಭಕ್ತರೆಲ್ಲ ಅವನ ಕೈಕೆಳಗೆ.

“ಅವರ ಗದ್ದಗಿ ಇದ ಏನು?” ಎಂದೆ.

“ಗದ್ದಗಿ ಲಿಚ್‌ಫೀಲ್ಡ್‌ದಾಗ ಅದ. ಅಲ್ಲೇ ಸತ್ತಾನ, ಅಲ್ಲೇ ಅವನ ಬಾವಿನೂ ಅದ. ಹಿಂದ ಒಬ್ಬ ರಾಜ ಸಂತರ ಗದ್ದಗಿ ಎಲ್ಲಾ ಒಡಸೋ ಹೊತ್ತಿಗೆ ಯಾರೋ ಮೂಳೆ ಮುಚ್ಚಿಟ್ಟಾರ. ಮಂಚದ ಮ್ಯಾಲಿನ ಚಪ್ಪರದಾಗ ಇಟ್ಟಿದ್ರಂತ.”

“ಮೂಳಿ ಒಂದೂರಾಗ, ಬಾವಿ ಒಂದೂರಾಗ. ನಡುವ ಎಷ್ಟ ದೂರ?”

“ಇಪ್ಪತ್ತೈದು ಕಿಲೋಮೀಟರ್ ಆದೀತು.”

ಶ್ರೀಶೈಲದ ದಾರಿಯಲ್ಲಿ ಅದು ಒಂದು ದಿನಕ್ಕೂ ಕಡಿಮೆಯ ನಡಿಗೆ. ಅಲ್ಲೇ ನಿಂತು ತೀರ್ಮಾನ ಮಾಡಿದೆ. ಮೂಳೆಯಿಂದ ಹೊರಟು ಬಾವಿ ಮುಟ್ಟುವುದು.

“ಶನಿವಾರ ನನಗ ಡ್ಯೂಟಿ ಇಲ್ಲ, ನಾನೂ ಬರ್ತೀನಿ,” ಎಂದಳು ಶಬಾನಾ. ಕಟ್ಟಳೆಗಳನ್ನು ಹೇಳಿದಾಗ ಮಾತ್ರ ಅವಳ ಮುಖ ಸಣ್ಣದಾಯಿತು. “ಬುತ್ತಿ ಬ್ಯಾಡ ಅಂದ್ರ ಹೆಂಗಮ್ಮಾ? ಇಲ್ಲಿ ಯಾರು ಕೊಡ್ತಾರ? ಕೇಳಿದ್ರನೇ ಕೊಡೋದು ಕಷ್ಟ.”

“ನಡೆಯೋರಿಗೆ ಜನಾ ಕೊಡ್ತಾರವ್ವ. ಎಲ್ಲಿದ್ರೂ ಜನಾ ಜನಾನ.”

ಈ ಮಾತನ್ನು ನಾನು ಬಹಳ ಧೈರ್ಯದಿಂದ ಹೇಳಿದೆ.

ಕಾಲುವೆಯ ದಂಡೆ

ಶನಿವಾರ ಬೆಳಗ್ಗೆ ಗಿರೀಶ ನಮ್ಮನ್ನು ಆ ಚರ್ಚಿನ ಮುಂದೆ ಬಿಟ್ಟ. ಅಲ್ಲಿಯ ತನಕ ಕಾರು ಹತ್ತಿದ್ದು ಲೆಕ್ಕಕ್ಕಿಲ್ಲ. ನಮ್ಮೂರಿನಲ್ಲೂ ಹೊಲದ ಮನೆಯವರು ಕಂಬಿ ಹೊರಡುವ ಜಾಗಕ್ಕೆ ಟ್ರ್ಯಾಕ್ಟರ್ ಹತ್ತಿಯೇ ಬರುತ್ತಾರೆ. ಸೀರೆಯ ಕೆಳಗೆ ಸುಮಾಳ ಬೂಟು, ಮೇಲೆ ಗಿರೀಶನ ಮಳೆಯಂಗಿ. ಕೈ ಖಾಲಿ. ಶಬಾನಾಳ ಬೆನ್ನಚೀಲದಲ್ಲಿ ಬ್ರೆಡ್ಡಿನೊಳಗೆ ಪಲ್ಯ ಇಟ್ಟು ಕಟ್ಟಿದ ಎರಡು ಪೊಟ್ಟಣ ಇರುವುದು ನನಗೆ ಗೊತ್ತಾಯಿತು.

“ಅದು ನಂದು, ನಿಮ್ಮದಲ್ಲ,” ಎಂದಳು.

“ನನ್ನ ಕಂಬಿಯೊಳಗಿನಾಕಿ ನೀ. ನಿನ್ನ ಚೀಲ ನನ್ನ ಚೀಲ. ನೀ ತಿನ್ನು, ನಾ ಮುಟ್ಟಂಗಿಲ್ಲ.”

“ನೀವು ಉಪಾಸ ಇರೋವಾಗ ನಾ ತಿಂತೀನೇನು? ಯಾ ಅಲ್ಲಾ, ಎಂಥಾ ಜಿದ್ದಿ ಮುದುಕಿ!” ಎಂದು ಸಿಟ್ಟಿನಿಂದ ಎರಡು ಪೊಟ್ಟಣವನ್ನೂ ಗಿರೀಶನ ಕೈಗೆ ಕೊಟ್ಟು ಕಳಿಸಿಬಿಟ್ಟಳು. ಕಾರು ತಿರುವು ದಾಟಿದ ಮೇಲೆ ಅವಳಿಗೇ ಬೇಸರವಾಯಿತು ಅನ್ನಿಸುತ್ತದೆ.

ಮೊದಲು ಕಾಲುವೆಯ ದಂಡೆಯ ಮೇಲೆ ದಾರಿ. ಕಾಲುವೆಯಲ್ಲಿ ರೈಲಿನ ಡಬ್ಬಿಯಂಥ ಉದ್ದ ದೋಣಿಗಳು. ಅದರಲ್ಲೇ ಸಂಸಾರ ಮಾಡುತ್ತಾರೆ. ಮೇಲೆ ಸೌದೆ, ಹೂಕುಂಡ, ಸೈಕಲ್ಲು. ಒಂದು ದೋಣಿಯಲ್ಲಿ ಗಡ್ಡದವನೊಬ್ಬ ಮೊಟ್ಟೆ ಹುರಿಯುತ್ತಿದ್ದ. ವಾಸನೆ ನಮ್ಮ ತನಕ ಬಂತು. “ಮಾರ್ನಿಂಗ್” ಎಂದ. ನಾನು ಕೈಮುಗಿದೆ. ಅವನು ಹುರಿಯುವ ತವೆಯನ್ನೇ ಎತ್ತಿ ನಮಸ್ಕಾರ ಮಾಡಿದ. ಅಷ್ಟೆ. ಮೊಟ್ಟೆ ಕೊಟ್ಟಿದ್ದರೂ ನಾನು ತಿನ್ನುವವಳಲ್ಲ, ಆದರೆ ಕೊಡುವ ಯೋಚನೆಯೂ ಅವನಿಗೆ ಬಂದಂತೆ ಕಾಣಲಿಲ್ಲ.

ನಡೆಯುತ್ತ ಶಬಾನಾ ಬಿಷಪ್ಪನ ಕತೆ ಹೇಳಿದಳು. ನಾಲ್ವರು ಅಣ್ಣತಮ್ಮಂದಿರು, ನಾಲ್ವರೂ ಸನ್ಯಾಸಿಗಳು. ಚಾಡ್ ಹುಡುಗನಿದ್ದಾಗ ಉತ್ತರದ ಸಮುದ್ರದಲ್ಲಿನ ಒಂದು ದ್ವೀಪದ ಮಠದಲ್ಲಿ ಕಲಿತ. ಆಮೇಲೆ ಗುಡ್ಡಗಾಡಿನ ಮಠಕ್ಕೆ ಹಿರಿಯನಾದ. ಆ ಹೊತ್ತಿಗೆ ಯಾರ್ಕ್ ಎಂಬ ಊರಿಗೆ ಬಿಷಪ್ಪಾಗಬೇಕಾಗಿದ್ದವನು ಪಟ್ಟ ಕಟ್ಟಿಸಿಕೊಳ್ಳಲು ಸಮುದ್ರದಾಚೆ ಹೋಗಿದ್ದನಂತೆ. ಅವನು ಬೇಗ ಬರಲಿಲ್ಲ. ರಾಜ ಬೇಸತ್ತು ಚಾಡ್‌ನನ್ನು ಆ ಪೀಠದ ಮೇಲೆ ಕೂರಿಸಿದ.

“ಮತ್ತ ಆ ಇನ್ನೊಬ್ಬ ತಿರಗಿ ಬಂದಿರಬೇಕಲ್ಲ?” ಎಂದೆ. ಇಂಥ ಕತೆ ನಮಗೇನು ಹೊಸದೇ.

“ಬಂದ. ಆಮ್ಯಾಲ ದೂರದ ದೇಶದಿಂದ ಎಲ್ಲಾರಿಗೂ ದೊಡ್ಡ ಆರ್ಚ್‌ಬಿಷಪ್ ಬಂದ. ಬಂದವನೇ ಚಾಡ್‌ಗೆ ಅಂದ, ‘ನಿನಗ ಪಟ್ಟ ಕಟ್ಟಿದ್ದು ಪದ್ಧತಿ ಪ್ರಕಾರ ಆಗಿಲ್ಲ’ ಅಂತ.”

“ಕೋರ್ಟಿಗೆ ಹೋದನೇನು?”

“ಇಲ್ಲಮ್ಮಾ. ‘ನಿಮಗ ಹಂಗ ಅನ್ನಿಸಿದ್ರ ಖುಷಿಯಿಂದ ಬಿಟ್ಟು ಕೊಡ್ತೀನಿ. ಇದಕ್ಕ ನಾ ಲಾಯಕ್ ಅಂತ ಯಾವತ್ತೂ ತಿಳಕೊಂಡಿಲ್ಲ’ ಅಂದ.”

ನಾನು ನಿಂತೇಬಿಟ್ಟೆ. ಪೀಠ ಬಿಡು ಎಂದ ಕೂಡಲೇ ಬಿಟ್ಟ ಸ್ವಾಮಿಯನ್ನು ನಾನು ಕಣ್ಣಿಂದ ನೋಡಿಲ್ಲ, ಕಿವಿಯಿಂದ ಕೇಳಿಲ್ಲ. ಒಂದು ಪಲ್ಲಕ್ಕಿಯ ಕೋಲಿಗೆ ಇಬ್ಬರು ಜಗ್ಗಾಡಿ, ಭಕ್ತರು ಎರಡು ಪಂಗಡವಾಗಿ, ಪೊಲೀಸರು ಬಂದದ್ದನ್ನು ಮಾತ್ರ ನೋಡಿದ್ದೇನೆ.

“ಅದಕ್ಕ ಆ ದೊಡ್ಡವನಿಗೂ ಮನಸು ಕರಗ್ತು,” ಎಂದಳು ಶಬಾನಾ. “ಕಮ್ಮಿ ಬಿದ್ದಿದ್ದ ವಿಧಿ ಎಲ್ಲಾ ತಾನೇ ನಿಂತು ಪೂರಾ ಮಾಡಿದ. ಯಾರ್ಕ್ ಮಾತ್ರ ಆ ಇನ್ನೊಬ್ಬನಿಗೇ ಹೋಯ್ತು. ಇವ ಸುಮ್ಮಕ ತನ್ನ ಗುಡ್ಡದ ಮಠಕ್ಕ ಹೋಗಿ ಕುಂತ. ಆಮ್ಯಾಲೆ ಲಿಚ್‌ಫೀಲ್ಡ್‌ಗೆ ಬಿಷಪ್ ಬೇಕಾದಾಗ ಮತ್ತ ಕರಸಿದರು.”

ಸಟನ್

ಹನ್ನೊಂದು ಗಂಟೆಗೆ ಸಟನ್ ಎಂಬಲ್ಲಿ ಕಾಲು ಸೋತು ಒಂದು ನೆರಳಿನ ಕಟ್ಟೆಯ ಮೇಲೆ ಕೂತೆವು. ಕೂತ ಕೂಡಲೇ ಎರಡಂತಸ್ತಿನ ಬಸ್ಸೊಂದು ಬಂದು ಬಾಗಿಲು ತೆರೆಯಿತು. ಡ್ರೈವರ್ ಏನೋ ಅಂದ, ನನಗೆ ತಿಳಿದದ್ದು ‘ಬ್ಯಾಬ್’ ಎಂಬ ಮಾತು ಮಾತ್ರ. ಈ ಕಡೆಯವರು ಹೆಂಗಸರನ್ನೆಲ್ಲ ಪ್ರೀತಿಯಿಂದ ಹಾಗೆ ಕರೆಯುತ್ತಾರಂತೆ, ‘ಯವ್ವಾ’ ಅಂದ ಹಾಗೆ. ಶಬಾನಾ ಬೇಡ ಎಂದಳು. ಬಸ್ಸು ಹೋಯಿತು. ಹತ್ತು ನಿಮಿಷಕ್ಕೆ ಇನ್ನೊಂದು. ಅವನೂ ನಿಲ್ಲಿಸಿ, ಬ್ಯಾಬ್ ಎಂದ. ಮೂರನೆಯವನು ನನ್ನ ವಯಸ್ಸು ನೋಡಿ ಬಸ್ಸನ್ನೇ ನನ್ನ ಕಡೆಗೆ ಬಗ್ಗಿಸಿದ. ನಿಜ, ಇಲ್ಲಿನ ಬಸ್ಸು ಒಂಟೆಯ ಹಾಗೆ ಮಂಡಿಯೂರುತ್ತದೆ, ಮುದುಕರು ಹತ್ತಲಿ ಎಂದು. ನಮ್ಮಲ್ಲಿ ಬಸ್ಸಿನ ಹಿಂದೆ ಓಡಿದರೂ ನಿಲ್ಲಿಸುವುದಿಲ್ಲ. ಇಲ್ಲಿ ಹತ್ತುವುದಿಲ್ಲ ಎಂದರೂ ಬಗ್ಗಿ ಕರೆಯುತ್ತಾರೆ.

“ಏಳು,” ಎಂದೆ. “ಇದು ಬಸ್ ಸ್ಟ್ಯಾಂಡು. ಇಲ್ಲೇ ಕುಂತ್ರ ನನ್ನ ಹರಕಿ ಕೆಡಸೇ ಬಿಡ್ತಾರ.”

ಮುಂದಿನ ಓಣಿಯಲ್ಲಿ ಒಂದು ಮನೆಯ ಮುಂದೆ ರಟ್ಟಿನ ಡಬ್ಬಿ. ಒಳಗೆ ನಾನು ಎಂದೂ ಕಾಣದ ಯಾವುದೋ ಗಿಡದ ದಪ್ಪ ಕೆಂಪು ದಂಟು, ಮೇಲೆ ಒಂದು ಚೀಟಿ. ‘ತೋಟದಲ್ಲಿ ಹೆಚ್ಚಾಗಿದೆ, ಬೇಕಾದವರು ಒಯ್ಯಿರಿ’ ಎಂದು ಬರೆದಿದೆ ಎಂದಳು ಶಬಾನಾ. ಕೊಟ್ಟವರು ಕಾಣಲಿಲ್ಲ, ನಾನು ಕೇಳಲೂ ಇಲ್ಲ. ಕಟ್ಟಳೆಗೆ ಇದಕ್ಕಿಂತ ಸರಿ ಏನು ಬೇಕು? ಒಂದು ದಂಟು ಎತ್ತಿ ಕಚ್ಚಿದೆ. ಹಲ್ಲು ಜುಮ್ಮೆಂದವು. ನಮ್ಮ ಪುಂಡಿಪಲ್ಲೆಯ ಹುಳಿ, ಅದರ ನಾಲ್ಕರಷ್ಟು.

“ಎಲಿ ತಿನಬ್ಯಾಡ್ರಿ, ವಿಷ ಅದ!” ಎಂದು ಶಬಾನಾ ಕೈಯಿಂದ ಕಸಿದಳು. “ಇದನ್ನ ಸಕ್ಕರಿ ಹಾಕಿ ಕುದಿಸಿ ತಿಂತಾರ. ಹಸೀದು ಯಾರು ತಿಂತಾರ?”

“ಬೆಳ್ಳುಳ್ಳಿ ಒಗ್ಗರಣಿ ಇಟ್ರ ಛಲೋ ಆಗ್ತಿತ್ತು,” ಎಂದೆ. ಸಕ್ಕರೆ ಹಾಕುತ್ತಾರಂತೆ, ಬುದ್ಧಿಯಿಲ್ಲದ ಜನ. ಅರ್ಧ ದಂಟು ತಿಂದೆ. ಹಸಿವು ಹೋಗಲಿಲ್ಲ, ಹೊಟ್ಟೆ ಉರಿಯಿತು.

ಕುದುರೆಯ ಕತೆ ಹೇಳಿದ್ದು ಅದಾದ ಮೇಲೆ. ಚಾಡ್ ಎಲ್ಲಿಗೆ ಹೋದರೂ ನಡೆದೇ ಹೋಗುತ್ತಿದ್ದನಂತೆ. ಹಳ್ಳಿ, ಗುಡಿಸಲು, ಊರ ಹೊರಗಿನ ಮನೆ, ಎಲ್ಲ ಕಡೆ. ಆ ದೊಡ್ಡ ಆರ್ಚ್‌ಬಿಷಪ್ಪು, ದೂರದ ದಾರಿಗೆ ಕುದುರೆ ಹತ್ತು ಎಂದ. ಇವನು ಒಲ್ಲೆ ಎಂದ. ಕಡೆಗೆ ಆ ಮುದುಕ ತಾನೇ ತನ್ನ ಕೈಯಿಂದ ಇವನನ್ನು ಎತ್ತಿ ಕುದುರೆಯ ಮೇಲೆ ಕೂರಿಸಿದ.

“ಕುಂತನಾ?”

“ಕುಂತ.”

ನನಗೆ ಅದು ಸರಿಬರಲಿಲ್ಲ. ಆದರೂ ದೊಡ್ಡವರು ಮೈಮುಟ್ಟಿ ಎತ್ತಿದಾಗ ಜಗಳವಾಡಲಾಗುತ್ತದೆಯೇ, ಪಾಪ.

ಶೆನ್‌ಸ್ಟೋನ್

ಮಧ್ಯಾಹ್ನ ಎರಡು ಗಂಟೆಗೆ ಮಳೆ ಹಿಡಿಯಿತು. ನಮ್ಮ ಮಳೆ ಬಂದರೆ ಬಂತೆಂದು ಗೊತ್ತಾಗುತ್ತದೆ. ಇದು ಜಿಟಿಜಿಟಿ ಎಂದು ಒಳಗೊಳಗೇ ನೆನೆಸುತ್ತದೆ. ಎರಡೂ ಬದಿಗೆ ಹಸಿರು ಹೊಲ, ಹೊಲದಲ್ಲಿ ಆಳಿಲ್ಲ. ನಾಯಿ ಹಿಡಿದುಕೊಂಡವರು ಎದುರಾಗಿ ಮಳೆಯ ಬಗ್ಗೆ ಒಂದು ಮಾತಾಡಿ ಹೋಗುತ್ತಿದ್ದರು. ಎಲ್ಲಿಗೆ ಹೊರಟಿರಿ ಎಂದು ಒಬ್ಬರೂ ಕೇಳಲಿಲ್ಲ. ಅದನ್ನು ಕೇಳುವುದು ಇಲ್ಲಿ ಮರ್ಯಾದೆಯಲ್ಲವಂತೆ. ನಮ್ಮಲ್ಲಿ ಎಲ್ಲಿಗೆ ಹೊರಟೆ ಎಂದು ಕೇಳುತ್ತಾರೆ, ಹೇಳುತ್ತೇವೆ, ಕರೆದು ಕೂರಿಸುತ್ತಾರೆ, ಊಟ ಬರುತ್ತದೆ. ಎಲ್ಲ ಶುರುವಾಗುವುದು ಆ ಒಂದು ಪ್ರಶ್ನೆಯಿಂದ. ಆ ಪ್ರಶ್ನೆ ಇಲ್ಲದ ದೇಶದಲ್ಲಿ ಬುತ್ತಿಯಿಲ್ಲದೆ ಹೊರಟದ್ದು ನನ್ನ ತಪ್ಪು. ಎಲ್ಲಿದ್ದರೂ ಜನ ಜನವೇ ಎಂದಿದ್ದೆನಲ್ಲ, ಅದನ್ನು ಹೊಟ್ಟೆ ಒಪ್ಪುತ್ತಿರಲಿಲ್ಲ.

ಶೆನ್‌ಸ್ಟೋನ್ ಎಂಬ ಹಳ್ಳಿ ದಾಟುವಾಗ ಶಬಾನಾ ಒದ್ದೆ ಹುಲ್ಲಿನ ಮೇಲೆ ಜಾರಿದಳು. ಪಾದ ಒಳಕ್ಕೆ ಮಡಚಿತು. ನೋಡನೋಡುತ್ತಿದ್ದಂತೆ ಪಾದದ ಗಂಟು ನಿಂಬೆಹಣ್ಣಿನಷ್ಟು ಊದಿತು. ಅವಳು ಡಾಕ್ಟರು, ತಾನೇ ಒತ್ತಿ ನೋಡಿ, “ಮುರಿದಿಲ್ಲ, ಉಳುಕು ಅಷ್ಟೇ. ಐಸ್ ಹಚ್ಚಬೇಕು,” ಎಂದಳು. ಗಿರೀಶನಿಗೆ ಫೋನು ಮಾಡಿದಳು. ಅವನು ಬರಲು ಅರ್ಧ ಗಂಟೆ. ಅವಳ ತುಟಿ ಬಿಳಿಚಿ ನಡುಗುತ್ತಿತ್ತು. ಬೆಳಗಿನಿಂದ ಏನೂ ತಿಂದಿರಲಿಲ್ಲ, ಅದೂ ನನ್ನ ಜಿದ್ದಿಗೆ.

ಎದುರಿಗೇ ಒಂದು ಮನೆ. ನಾನು ಹೋಗಿ ಬಾಗಿಲು ಬಡಿದೆ.

“ಅಮ್ಮಾ, ಬ್ಯಾಡ! ನಿಮ್ಮ ಕಟ್ಟಳಿ—” ಎಂದು ಹಿಂದಿನಿಂದ ಶಬಾನಾ ಕೂಗಿದಳು.

“ಸುಮ್ಮಕ ಕುಂದರು,” ಎಂದೆ.

ನನ್ನದೇ ವಯಸ್ಸಿನ ಹೆಂಗಸು ಬಾಗಿಲು ತೆರೆದಳು. ಕಾಲ ಬಳಿ ಒಂದು ಮುದಿ ನಾಯಿ. ನಾನು ಶಬಾನಾಳ ಕಡೆ ಕೈತೋರಿಸಿ, “ಐಸ್,” ಎಂದೆ. ಬಾಯಿಬಿಟ್ಟು ಕೇಳಿದೆ. ಅವಳು ಒಳಗೆ ಓಡಿ, ಹೆಪ್ಪುಗಟ್ಟಿದ ಹಸಿಬಟಾಣಿಯ ಚೀಲ ತಂದು ನನ್ನ ಕೈಗಿಟ್ಟಳು. ಕೊನೆಗೂ ಯಾರೋ ಉಣ್ಣಲು ಕೊಟ್ಟರು ಎಂದು ನಾನು ಚೀಲ ಹರಿಯತೊಡಗಿದೆ. ಆ ಹೆಂಗಸು “ನೋ, ನೋ, ಲವ್!” ಎಂದು ಕಸಿದುಕೊಂಡು ಹೋಗಿ ಶಬಾನಾಳ ಕಾಲಿಗೆ ಸುತ್ತಿದಳು. ಈ ದೇಶದಲ್ಲಿ ಉಳುಕಿಗೆ ಬಟಾಣಿ ಕಟ್ಟುತ್ತಾರಂತೆ. ಶಬಾನಾ ಅಷ್ಟು ನೋವಿನಲ್ಲೂ ನಕ್ಕಳು.

ಹೆಸರು ಡೊರೀನ್. ನಮ್ಮಿಬ್ಬರನ್ನೂ ಒಳಗೆ ಕೂರಿಸಿ, ಒಂದು ಮಾತೂ ಕೇಳದೆ ಚಹಾ ಮಾಡಿದಳು. ಬ್ರೆಡ್ಡಿನ ಮೇಲೆ ಚೀಸು ಕರಗಿಸಿ ತಂದಿಟ್ಟಳು. ನಾನು ನಾಲ್ಕು ತಿಂದೆ.

ಗಿರೀಶ ಬಂದ. ಜೊತೆಗೆ ಸುಮಾನೂ, ಪ್ಲಾಸ್ಟರಿನ ಕಾಲನ್ನು ಮುಂದಿನ ಸೀಟಿನಲ್ಲಿ ಚಾಚಿಕೊಂಡು. ಶಬಾನಾಳನ್ನು ಕಾರಿಗೆ ಹತ್ತಿಸಿದ್ದಾಯಿತು.

“ಅವ್ವಾ, ಹತ್ತು,” ಎಂದಳು ಸುಮಾ.

“ಇನ್ನ ಐದ ಕಿಲೋಮೀಟರ್ ಉಳದೈತಿ. ನೀವು ಹೋಗಿ ಬಾವಿ ಹತ್ರ ನಿಲ್ರಿ.”

“ಮಳಿಯೊಳಗ? ಒಬ್ಬಾಕಿನ? ಮಾತ್ ಬರಂಗಿಲ್ಲ, ದಾರಿ ಗೊತ್ತಿಲ್ಲ. ಶಬಾನಾ ಹೇಳಿದ್ಲು, ಆ ಬಿಷಪ್ನೂ ಕಡೀಕ ಕುದುರಿ ಹತ್ತಿದ್ನಂತ. ನೀ ಅವಗಿಂತ ದೊಡ್ಡಾಕಿ ಏನ?”

“ಅವನ್ನ ಎತ್ತಿ ಕುಂದರಿಸಿದವ ಅವಗಿಂತ ದೊಡ್ಡವ. ನೀ ನನ್ನ ಮಗಳು.”

“ಹರಕಿ ಹೊತ್ತಿದ್ದು ನನ್ನ ಸಲುವಾಗಿ. ನಾನ ಹೇಳ್ತೀನಿ, ಸಾಕು ಮಾಡು. ಬಿಟ್ಟೇನಿ ನಿನ್ನ.” ಅವಳ ಕಣ್ಣು ತುಂಬಿತ್ತು. ಸಿಟ್ಟಿಗೆ.

“ನಿನ್ನ ಸಲುವಾಗಿ ಹೊತ್ತಿದ್ದು ಖರೇ. ನಿನಗ ಹೊತ್ತಿದ್ದಲ್ಲ. ಬಿಡಾಕ ನೀ ಯಾರು?”

ಡೊರೀನ್ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕನ್ನಡ ತಿಳಿಯದಿದ್ದರೂ ತಾಯಿಮಗಳ ಜಗಳ ತಿಳಿಯದೇ ಇರುತ್ತದೆಯೇ? ಒಳಗೆ ಹೋಗಿ ಬೂಟು ಹಾಕಿಕೊಂಡು, ನಾಯಿಗೆ ಹಗ್ಗ ಸಿಕ್ಕಿಸಿಕೊಂಡು ಬಂದಳು. ಗಿರೀಶ ಅವಳ ಮಾತನ್ನು ಕನ್ನಡಕ್ಕೆ ತಂದ. “ಹೆಂಗೂ ನಾಯಿನ್ನ ಅಡ್ಡಾಡಿಸಬೇಕಿತ್ತು ಅಂತಾರ. ವಾಪಸ್ ಬರುವಾಗ ಕಾರಿನ್ಯಾಗ ಬಿಡ್ರಿ ಅಂತಾರ.”

ಆ ಮುದಿ ನಾಯಿಗೆ ಐದು ಕಿಲೋಮೀಟರ್ ಅಡ್ಡಾಡುವ ಜರೂರು ಇರಲಿಲ್ಲ. ಇಲ್ಲಿಯವರು ಉಪಕಾರ ಮಾಡುವಾಗಲೂ ಅದನ್ನು ನಾಯಿಯ ಮೇಲೆ ಹಾಕಿ ಮಾಡುತ್ತಾರೆ.

ಲಿಚ್‌ಫೀಲ್ಡ್

ದಾರಿಯುದ್ದಕ್ಕೂ ಅವಳು ಇಂಗ್ಲಿಷಿನಲ್ಲಿ ಮಾತಾಡಿದಳು, ನಾನು ಕನ್ನಡದಲ್ಲಿ. ಅವಳು ಬೆರಳಲ್ಲಿ ಉಂಗುರ ತಿರುಗಿಸಿ ಆಕಾಶ ತೋರಿಸಿದಳು, ಗಂಡ ಸತ್ತ ಸುದ್ದಿ. ನಾನು ನನ್ನ ಬರಿ ಹಣೆ ತೋರಿಸಿದೆ. ಮಂಡಿ ಒತ್ತಿಕೊಂಡು ಮುಖ ಕಿವುಚಿದಳು, ನಾನೂ ಒತ್ತಿಕೊಂಡೆ. ಅಷ್ಟರಲ್ಲಿ ಎಲ್ಲ ಹೇಳಿಕೊಂಡಂತಾಯಿತು.

ಮಳೆ ನಿಂತ ಮೇಲೆ ದೂರದಲ್ಲಿ ಮೂರು ಚೂಪು ಗೋಪುರ ಕಂಡವು. ಕಂಬಿಯ ಜೊತೆ ಹೋದಾಗ ಶ್ರೀಶೈಲದ ಶಿಖರ ಕಂಡರೆ ಜನ ಕೂಗಿ ಅಳುತ್ತಾರೆ. ನಾನು ಅಳಲಿಲ್ಲ, ಅಲ್ಲಿಯೂ ಅಳುವವಳಲ್ಲ. ಕೈಮುಗಿದೆ. ಡೊರೀನ್ ಅದೇನು ವಿಶೇಷ ಎಂಬಂತೆ ನೋಡಿದಳು. ದಿನಾ ಕಾಣುವ ಗೋಪುರ ಅವಳಿಗೆ.

ಆ ಮೂರು ಗೋಪುರದ ದೊಡ್ಡ ಚರ್ಚಿನಲ್ಲಿ ಗಿರೀಶ ಕಾಯುತ್ತಿದ್ದ. ಚಾಡ್‌ನ ಗದ್ದುಗೆ ಇದ್ದ ಜಾಗದಲ್ಲಿ ಈಗ ಬರಿಯ ನೆಲ, ಎರಡು ಮೇಣದ ಬತ್ತಿ. ಗಿರೀಶ ಅಲ್ಲಿದ್ದ ಬರಹ ಓದಿ ಹೇಳಿದ. ಊರಿಗೆ ದೊಡ್ಡ ಬೇನೆ ಬಂದಾಗ ಚಾಡ್ ಸತ್ತನಂತೆ. ಸಾಯುವ ಏಳು ದಿನ ಮುಂಚೆ ಮಾಡಿನ ಮೇಲೆ ಹಾಡು ಕೇಳಿಸಿತಂತೆ. ಶಿಷ್ಯರನ್ನು ಕರೆದು, ಒಬ್ಬರಿಗೊಬ್ಬರು ಜಗಳವಾಡದೆ ಇರಿ ಎಂದು ಹೇಳಿ ಹೋದ. ಅವನ ಗದ್ದುಗೆಯ ಮೇಲೆ ಪುಟ್ಟ ಮನೆಯ ಹಾಗೆ ಮರದ ಗೂಡು ಕಟ್ಟಿದ್ದರು. ಅದರ ಗೋಡೆಗೊಂದು ಕಿಂಡಿ. ಜನ ಕೈ ಹಾಕಿ ಒಳಗಿನ ಧೂಳು ತೆಗೆದು, ನೀರಲ್ಲಿ ಕದಡಿ, ಬೇನೆ ಬಿದ್ದ ಮನುಷ್ಯರಿಗೂ ದನಗಳಿಗೂ ಕುಡಿಸುತ್ತಿದ್ದರು.

ದನಕ್ಕೂ ಕುಡಿಸುತ್ತಿದ್ದರು ಎಂದ ಮೇಲೆ ಇವನು ನಮ್ಮವನೇ ಎಂದು ನನಗೆ ಗಟ್ಟಿಯಾಯಿತು. ಎಮ್ಮೆಗೆ ಜ್ವರ ಬಂದರೆ ನಾನೂ ಓಡುವುದು ನಮ್ಮೂರ ಮಠದ ಅಜ್ಜನ ಗದ್ದುಗೆಯ ಭಸ್ಮಕ್ಕೇ.

ಬಾವಿ ಅಲ್ಲಿಂದ ಸ್ವಲ್ಪ ದೂರ. ಕೆರೆಯೊಂದನ್ನು ಬಳಸಿ ಹೋದರೆ ಸಣ್ಣ ಚರ್ಚು, ಅದರ ಪಕ್ಕದಲ್ಲಿ ನಾಲ್ಕು ಕಂಬದ ಮೇಲೆ ಮಾಡು, ಮಾಡಿನ ಕೆಳಗೆ ಕಲ್ಲಿನ ಕಟ್ಟೆ. ಈ ನೀರಿನಲ್ಲಿ ನಿಂತು ಅವನು ಪ್ರಾರ್ಥನೆ ಮಾಡುತ್ತಿದ್ದನೆಂದು ಹೇಳುತ್ತಾರೆ. ಸುಮಾ ಊರುಗೋಲು ಹಿಡಿದು ನಿಂತಿದ್ದಳು, ಶಬಾನಾ ಬಟಾಣಿ ಕಟ್ಟಿಕೊಂಡು ಬೆಂಚಿನ ಮೇಲೆ ಕೂತಿದ್ದಳು. ನಾನು ಕಟ್ಟೆಯ ಮೇಲೆ ಹೊಟ್ಟೆಯೂರಿ ಬಗ್ಗಿದೆ. ಕೈಗೆ ನೀರು ಎಟುಕಲಿಲ್ಲ. ಎರಡು ಮೊಳ ಕೆಳಗಿತ್ತು. ಇಷ್ಟು ದೂರ ಬಂದು ಎರಡು ಮೊಳಕ್ಕೆ ನಿಂತೆ. ಆಗ ಡೊರೀನ್ ನಾಯಿಗೆ ನೀರು ಕುಡಿಸುವ ರಬ್ಬರಿನ ಬಟ್ಟಲನ್ನು ಚೀಲದಿಂದ ತೆಗೆದು, ನಾಯಿಯ ಹಗ್ಗದ ಕೊಕ್ಕೆಗೆ ಸಿಕ್ಕಿಸಿ ಬಾವಿಗೆ ಇಳಿಬಿಟ್ಟಳು. ನಾಯಿ ಕುಡಿಯುವ ಬಟ್ಟಲು. ನಾನು ಎರಡೂ ಕೈಯಿಂದ ತೆಗೆದುಕೊಂಡು ತಲೆಯ ಮೇಲೆ ಸುರಿದುಕೊಂಡೆ.

“ಆತು,” ಎಂದಳು ಸುಮಾ, ಉಸಿರು ಬಿಟ್ಟು. “ಒಂಬತ್ತ ಮುಗದ್ವು. ಇನ್ನರ ಕಾರು ಹತ್ತು.”

ಹತ್ತಿದೆ. ಆದರೆ ಮುಗಿಯಿತು ಎಂದು ನನಗೆ ಅನ್ನಿಸಿರಲಿಲ್ಲ.

ಮರುದಿನ

ಭಾನುವಾರ ಬಿಸಿನೀರಿಗೆ ಉಪ್ಪು ಹಾಕಿ, ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಅಯ್ಯನವರಿಗೆ ಫೋನು ಮಾಡಿದೆ. ಅವರು ಕಂಬಿ ಇಳಿಸಿ ಯಾವುದೋ ಊರಿನ ಗಿಡದ ನೆರಳಿಗೆ ಕೂತಿದ್ದರು. ಹಿಂದೆ ಊಟದ ಗದ್ದಲ ಕೇಳಿಸುತ್ತಿತ್ತು.

“ಮುಟ್ಟಿದಿ?”

“ಮುಟ್ಟಿದ್ನಿರಿ. ಗಾಡಿ ಹತ್ತಲಿಲ್ಲ, ಬುತ್ತಿ ಒಯ್ಯಲಿಲ್ಲ. ಆದ್ರ ಬಾಯಿಬಿಟ್ಟು ಕೇಳೇನಿ.”

“ಏನ್ ಕೇಳಿದಿ?”

“ಐಸು.”

“ನಿನಗೇನ?”

“ಶಬಾನಾನ ಕಾಲಿಗ್ರಿ. ಉಳುಕಿತ್ತು.”

ಅಯ್ಯನವರು ಜೋರಾಗಿ ನಕ್ಕರು. “ಮಂದಿ ಕಾಲಿಗೆ ಕೇಳಿದ್ದು ಕೇಳಿದ್ದ ಅಲ್ಲ ಬಿಡ. ನಾ ಹೇಳ್ತೀನಿ, ಒಂಬತ್ತ ಮುಗದ್ವು. ಮ್ಯಾಲೇನರ ವಿಚಾರಣಿ ಆದ್ರ ನನ್ನ ತಲಿ ಮ್ಯಾಲ.”

ಎದುರಿಗೆ ಸುಮಾ ಕೂತು ಕೇಳಿಸಿಕೊಳ್ಳುತ್ತಿದ್ದಳು. ಒಪ್ಪಿಕೋ ಎಂದು ಕೈಯಾಡಿಸಿದಳು. ಚಾಡ್ ಆಗಿದ್ದರೆ ಒಪ್ಪಿಕೊಳ್ಳುತ್ತಿದ್ದ. ಪಟ್ಟ ಸರಿಯಿಲ್ಲ ಎಂದಾಗ ಇಳಿದ, ಸರಿಮಾಡುತ್ತೇನೆ ಎಂದಾಗ ತಲೆಬಾಗಿದ, ಎತ್ತಿದಾಗ ಕುದುರೆಯ ಮೇಲೆ ಕೂತ. ದೊಡ್ಡವರ ಮಾತು ಕೇಳುವುದು ಅವನಿಗೆ ಬರುತ್ತಿತ್ತು, ಅದಕ್ಕೇ ಅವನು ಸಂತ. ನನಗೆ ಅದೊಂದು ಎಂದೂ ಬರಲಿಲ್ಲ.

“ಇಲ್ಲರಿ ಅಯ್ಯನೋರ,” ಎಂದೆ. “ನಾ ಬಾಗಲಾ ಬಡೀದಿದ್ರ ಆಕಿ ಉಣ್ಣಾಕ ಕೊಡತಿದ್ದಿಲ್ಲ. ಕೇಳಿದ ಬಾಗಲದಾಗ ಕುಂತು ನಾ ನಾಕ ತಿಂದೇನಿ. ಕೇಳಿದ್ದು ತಪ್ಪಲ್ಲ, ನಾಳೆ ಮತ್ತ ಅಂಥಾ ಹೊತ್ತು ಬಂದ್ರ ಮತ್ತ ಕೇಳಾಕಿನ. ಆದ್ರ ಕಟ್ಟಳಿ ಮುರದೈತಿ, ಅದನ್ನ ಮುಚ್ಚಬ್ಯಾಡ್ರಿ. ಎಂಟು ಅಳಸ್ರಿ. ಇದನ್ನ ಒಂದಂತ ಬರಕೋರಿ.”

“ಅವ್ವಾ!” ಎಂದಳು ಸುಮಾ. “ನಿನಗ ಅರವತ್ತೊಂಬತ್ತು. ಇನ್ನ ಎಂಟ ಸಲ ಅಂದ್ರ ಎಪ್ಪತ್ತೇಳು ಆಗ್ತಾವ!”

“ಲೆಕ್ಕಾ ನನಗೂ ಬರ್ತೈತಿ.”

ಅಯ್ಯನವರು ಯಾರನ್ನೋ ಕೂಗಿ, ಹರಕೆಯ ಲೆಕ್ಕ ಬರೆಯುವ ವಹಿ ತರಲು ಹೇಳಿದರು. “ಊರಿನ ಹೆಸರೇನಂತ ಬರೀಲಿ?” ಎಂದರು.

“ಲಿಚ್‌ಫೀಲ್ಡ್,” ಎಂದೆ. ಎರಡು ಸಲ ಹೇಳಬೇಕಾಯಿತು. ಬರೆದುಕೊಂಡರು. ಬರುವ ಯುಗಾದಿಗೆ ಎರಡನೆಯದು.